ಮಟನ್ ಕ್ಯೂನಲ್ಲಿ ಹುಟ್ಟಿದ ದಳ

ಇದನ್ನು ಬರೆಯುತ್ತಿರುವವನ ಹೆಸರು ಮಹದೇವ್. ಮಾಗಡಿ ರೋಡಿನಲ್ಲಿ ಟೈಲ್ಸು, ಕಮೋಡು ಮಾರುವ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾನೆ. ರಾಜಕೀಯವನ್ನು ಅರೆದು ಕುಡಿದವನು ತಾನು ಎಂಬ ನಂಬಿಕೆ ಅವನಿಗೆ ಬಹಳ ದಿನದಿಂದ ಇತ್ತು. ಒಂದು ಶನಿವಾರ ಸಂಜೆ, ಸ್ವಂತ ಮನೆಯ ಗೇಟಿನಲ್ಲೇ, ಆ ನಂಬಿಕೆಯಿಂದ ಅವನ ಮಾನ ಹೋಯಿತು.

ಕಾರ್ಪೊರೇಷನ್ ಎಲೆಕ್ಷನ್ ಇವತ್ತು ನಾಳೆ ಎಂದು ಮೂಡಲಪಾಳ್ಯದಲ್ಲಿ ವರ್ಷಗಳಿಂದ ಗಾಳಿಮಾತು. ಗೇಟಿನಾಚೆ ನಿಂತಿದ್ದವರು ಮೂರನೇ ಕ್ರಾಸಿನ ಕಲಾ ಆಂಟಿ. ಮುಖಪರಿಚಯ ಅಷ್ಟೆ. ಹೆಗಲಿಗೆ ಬಟ್ಟೆಚೀಲ, ಕಾಲಿಗೆ ಸೀರೆಗೆ ಹೊಂದದ ಕ್ಯಾನ್ವಾಸ್ ಶೂ.

"ಏನಪ್ಪ, ನಮ್ಮ ದಳಕ್ಕೆ ಸೇರ್ತೀಯಾ?" ಎಂದು ಕೇಳಿದರು.

ಕರ್ನಾಟಕದಲ್ಲಿ ಹುಟ್ಟಿ ಬೆಳೆದವನಿಗೆ ದಳ ಅಂದರೆ ಇನ್ನೇನು ಹೊಳೆಯುತ್ತದೆ? ಮಹದೇವ್ ಕೈಮುಗಿದ.

"ಆಂಟಿ, ನಮ್ಮನೇಲಿ ನಾಲ್ಕು ವೋಟಿದೆ. ಅಷ್ಟೂ ನಿಮಗೇ. ಆರಾಮಾಗಿ ಹೋಗ್ಬನ್ನಿ."

"ವೋಟು ಯಾರಿಗೆ ಬೇಕೋ? ಭಾನುವಾರ ಬೆಳಗ್ಗೆ ಬರ್ತೀಯಾ ಅದು ಹೇಳು."

"ರ‍್ಯಾಲಿನಾ?"

"ಒಂಥರಾ. ನಡೀಬೇಕು."

"ತಿಂಡಿ ವ್ಯವಸ್ಥೆ?"

"ಕಡ್ಲೆಕಾಯಿ, ಬೆಲ್ಲ."

ಪಕ್ಷದ ಸ್ಥಿತಿ ಇಷ್ಟು ಕೆಟ್ಟಿದೆಯೇ ಎಂದು ಮಹದೇವನಿಗೆ ಪಾಪ ಅನಿಸಿತು. "ಎಷ್ಟು ಜನ ಸೇರ್ತಾರೆ ಆಂಟಿ?"

"ಇಪ್ಪತ್ನಾಲ್ಕು."

"ಅಷ್ಟೇನಾ? ಡಿಪಾಸಿಟ್ಟೇ ಹೋಗುತ್ತೆ!"

ಕಲಾ ಗೇಟನ್ನು ಹಿಡಿದುಕೊಂಡರು. ಮೊದಲು ಹೆಗಲು ಅಲುಗಿತು, ಆಮೇಲೆ ಗೇಟೇ ಅಲುಗಿತು. ಕಣ್ಣೊರೆಸಿಕೊಂಡು, "ಎಲ್ಲಾ ಹತ್ತು ಹನ್ನೆರಡು ವರ್ಷದವು ಕಣೋ. ವೋಟೇ ಬಂದಿಲ್ಲ ಅವಕ್ಕೆ. ಮಕ್ಕಳ ದಳ. ಮೈದಾನದಲ್ಲಿ ಗಂಟು ಹಾಕೋದು, ಟೆಂಟು ಕಟ್ಟೋದು, ನಕ್ಷೆ ನೋಡ್ಕೊಂಡು ದಾರಿ ಹುಡುಕೋದು. ನೋಡಿಕೊಳ್ಳೋಕೆ ದೊಡ್ಡವರು ಬೇಕು," ಎಂದರು.

ಒಳಗಿನಿಂದ ಅಮ್ಮ ಕೂಗಿದರು: "ಹೋಗೋ ಮಹದೇವ, ಹತ್ತು ಗಂಟೆ ತನಕ ಬಿದ್ದಿರ್ತೀಯಲ್ಲ!" ಮಹದೇವನ ಸಾರ್ವಜನಿಕ ಜೀವನ ಶುರುವಾದದ್ದು ಹೀಗೆ. ದೇಶಸೇವೆಯ ಹಂಬಲದಿಂದಲ್ಲ, ಅಮ್ಮನ ಬಾಯಿಗೆ ಹೆದರಿ.

ಮೊದಲ ಭಾನುವಾರವೇ ಅವನು ಹಾಕಿದ ಗಂಟು ಬಿಚ್ಚಿಕೊಂಡು ಟೆಂಟು ಮಕ್ಕಳ ಮೇಲೆ ಕುಸಿಯಿತು. ಒಳಗಿನಿಂದ ಒಂದು ದನಿ ಕೇಳಿತು: "ಮಹದೇವಣ್ಣ, ನೀವು ಯಾವ ದಳದಲ್ಲಿ ಕಲಿತಿದ್ದು?"

ಗೇಟಿನ ಕತೆ ರಾತ್ರಿ ಕಳೆಯುವುದರೊಳಗೆ ಊರೆಲ್ಲ ಮುಟ್ಟಿತ್ತು.

ಕಲಾ ಕೆಲಸ ಮಾಡುವುದು ಮೈಸೂರು ರೋಡಿನ ಗಾರ್ಮೆಂಟ್ಸ್ ಒಂದರಲ್ಲಿ. ಹೊಲಿದು ಬಂದ ಶರಟುಗಳನ್ನು ಬೆಳಕಿಗೆ ಹಿಡಿದು, ತಪ್ಪಿದ ಹೊಲಿಗೆಗೆ ಗುರುತು ಹಾಕಿ ವಾಪಸ್ ಕಳಿಸುವ ಕೆಲಸ. ಆರು ದಿನ ನಿಂತೇ ಇರಬೇಕು. ಏಳನೇ ದಿನ ನಿದ್ದೆ ಮಾಡುವುದೊಂದೇ ಅವರ ಆಸೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಆ ಆಸೆಗೆ ಕಲ್ಲು ಹಾಕಿದವರು ದೊಡ್ಡಹನುಮಯ್ಯ ಎಂಬ ರಿಟೈರಾದ ಡ್ರಿಲ್ ಮೇಷ್ಟ್ರು. ಭಾನುವಾರ ಬೆಳಗ್ಗೆ ಏಳಾದರೆ ಸಾಕು, ಮೈದಾನದಲ್ಲಿ ಹತ್ತಾರು ಮಕ್ಕಳನ್ನು ನಿಲ್ಲಿಸಿಕೊಂಡು ಶಿಳ್ಳೆ ಊದುತ್ತಿದ್ದರು. ಕಲಾ ಹಾಸಿಗೆಯಿಂದೆದ್ದು ನೇರ ಜಗಳಕ್ಕೆ ಹೋದರು.

"ಸಾರ್, ನಿಮಗೆ ಮಾಡೋಕೆ ಕೆಲಸ ಇಲ್ಲ. ನಮಗಿದೆ. ಇದೊಂದು ದಿನ ಮಲಗೋಕೆ ಬಿಡ್ತೀರಾ?"

ಮೇಷ್ಟ್ರು ಮಂಡಿ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕೂತರು. "ನನಗೂ ನಿಲ್ಲೋಕಾಗ್ತಿಲ್ಲಮ್ಮ. ಅರ್ಧ ಗಂಟೆ ಇವರನ್ನ ನೋಡ್ಕೋ. ಶಿಳ್ಳೆ ನೀನೇ ಇಟ್ಕೋ. ಊದೋದು ಬೇಡ ಅಂದ್ರೆ ಊದ್ಬೇಡ."

ಊದದಿದ್ದರೆ ಮಕ್ಕಳು ನಿಲ್ಲುವುದಿಲ್ಲ ಎಂಬುದು ಐದು ನಿಮಿಷದಲ್ಲಿ ತಿಳಿಯಿತು. ಕಲಾ ಊದಿದರು. ಆ ವರ್ಷವೇ ಗಾರ್ಮೆಂಟ್ಸಿನಲ್ಲಿ ರಜೆ ಬೇಡಿಕೊಂಡು ತರಬೇತಿ ಶಿಬಿರಕ್ಕೆ ಹೋಗಿಬಂದರು. ಮೇಷ್ಟ್ರು ಮಗಳ ಮನೆಗೆಂದು ಹಾಸನಕ್ಕೆ ಹೊರಟಾಗ ದಳ ಪೂರ್ತಿ ಕಲಾ ಕೈಗೆ ಬಂತು. ಮಕ್ಕಳ ಬಾಯಲ್ಲಿ ಅವರು ಕಲಕ್ಕ ಆದರು, ಮಕ್ಕಳಿಂದ ಊರಿಗೇ ಆದರು. ದಳಕ್ಕೆ ಮೂಡಲ ದಳ ಎಂದು ಹೆಸರಿಟ್ಟರು. ಮೂಡಲು ಅಂದರೆ ಪೂರ್ವ. ಬೆಂಗಳೂರಿನ ಪಶ್ಚಿಮದಲ್ಲಿರುವ ಮೂಡಲಪಾಳ್ಯದಲ್ಲಿ ಮಕ್ಕಳಿಗೆ ದಿಕ್ಕು ಕಲಿಸುವ ದಳಕ್ಕೆ ಅದು ತಕ್ಕ ಹೆಸರೇ.

ಕಲಕ್ಕನದು ಒಂದೇ ಕಾನೂನು: ಒಂದು ದಳಕ್ಕೆ ಇಬ್ಬರು ದೊಡ್ಡವರಿಲ್ಲದೆ ಶಿಳ್ಳೆ ಇಲ್ಲ. ಒಂದು ಮಗು ಬಿದ್ದು ಕಾಲು ಉಳುಕಿಸಿಕೊಂಡರೆ ಒಬ್ಬರು ಅದರ ಜೊತೆಗಿರಬೇಕು, ಇನ್ನೊಬ್ಬರು ಮಿಕ್ಕವರ ಜೊತೆಗೆ. ಅದಕ್ಕೇ ಇಪ್ಪತ್ನಾಲ್ಕರ ಮೇಲೆ ಒಂದು ಮಗುವನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಆದರೆ ಮೈದಾನದ ತಂತಿಬೇಲಿಯಾಚೆ ಪ್ರತಿ ಭಾನುವಾರ ಇನ್ನಷ್ಟು ಮಕ್ಕಳು ನಿಲ್ಲತೊಡಗಿದರು. ಬೇಲಿಗೆ ಬೆರಳು ತೂರಿಸಿಕೊಂಡು, ಒಳಗಿನವರು ಕಟ್ಟುವ ಗಂಟನ್ನು ಗಾಳಿಯಲ್ಲಿ ಕಟ್ಟುತ್ತಿದ್ದರು. ಕವನಾ ಎಂಬ ಹುಡುಗಿಯಂತೂ ಮನೆಯಿಂದ ಹಗ್ಗ ತಂದು ಬೇಲಿಯ ಹೊರಗೇ ಕಟ್ಟಿ, "ಕಲಕ್ಕ, ಇದು ಸರಿನಾ?" ಎಂದು ಎತ್ತಿ ತೋರಿಸುತ್ತಿದ್ದಳು.

ಸರಿಯಾಗಿಯೇ ಇರುತ್ತಿತ್ತು. ಮಹದೇವನ ಗಂಟಿಗಿಂತ ಎಷ್ಟೋ ಮೇಲು.

"ಎರಡನೇ ದಳ ಶುರು ಮಾಡ್ಬೇಕು ಕಣೋ," ಎಂದರು ಕಲಕ್ಕ ಒಂದು ದಿನ. "ಬೇಲಿ ಆಚೆ ಮಗು ನಿಂತಿದ್ರೆ ನಾನು ಒಳಗೆ ಏನು ಕಲಿಸಿದ್ರೂ ತಪ್ಪು ಹೊಲಿಗೆ ಅನ್ಸುತ್ತೆ."

ಅದಕ್ಕೆ ಇನ್ನೂ ಇಬ್ಬರು ಬೇಕಿತ್ತು. ಕಲಕ್ಕ ಮನೆಮನೆ ಹತ್ತಿದರು. ಮೂಡಲಪಾಳ್ಯದವರು ಕೊಡಗೈ ಜನ. ಒಬ್ಬರು ಶಾಮಿಯಾನ ಕೊಡುತ್ತೇನೆ ಎಂದರು. ಒಬ್ಬರು ಮಕ್ಕಳಿಗೆ ಟೀಶರ್ಟು ಹೊಲಿಸುತ್ತೇನೆ, ಹಿಂದೆ ತಮ್ಮ ಫೋಟೋ ಇರಲಿ ಎಂದರು. ಇನ್ನೊಬ್ಬರು ಟೊಮ್ಯಾಟೊ ಬಾತ್ ಎಂದರು. ಭಾನುವಾರ ಬೆಳಗ್ಗೆ ಎಂದ ಕೂಡಲೇ ಮಾತ್ರ ಎಲ್ಲರ ಮನೆಯಲ್ಲೂ ಒಂದು ನಾಮಕರಣ ಹುಟ್ಟಿಕೊಳ್ಳುತ್ತಿತ್ತು.

"ಬೈಯೋಕಾಗಲ್ಲ. ನಾನೂ ಒಂದು ಕಾಲದಲ್ಲಿ ಇದೇ ಭಾನುವಾರಕ್ಕೆ ಜಗಳ ಆಡಿದೋಳು," ಎಂದರು ಕಲಕ್ಕ, ಒಂದು ಭಾನುವಾರ ಬೆಳಗ್ಗೆ ಮೈದಾನದಲ್ಲಿ ನಿಂತು. ಆಮೇಲೆ ಸ್ವಲ್ಪ ಯೋಚಿಸಿ, "ಅದು ಸರಿ, ಈ ಗಂಡಸರು ಭಾನುವಾರ ಏಳು ಗಂಟೆಗೆ ನಿಜವಾಗ್ಲೂ ಎಲ್ಲಿರ್ತಾರೆ?" ಎಂದು ಕೇಳಿದರು.

ಮಹದೇವ್ ರಸ್ತೆಯಾಚೆ ನೋಡಿದ. ಉತ್ತರ ಅಲ್ಲೇ ನಿಂತಿತ್ತು, ಸಾಲಾಗಿ, ಕೈಯಲ್ಲಿ ಚೀಲ ಹಿಡಿದು, ಕಾಂತರಾಜುವಿನ ಮಟನ್ ಸ್ಟಾಲಿನ ಮುಂದೆ. ಬೇಲಿಯಾಚೆಯ ಅರ್ಧ ಮಕ್ಕಳ ಅಪ್ಪಂದಿರು ಅದೇ ಕ್ಯೂನಲ್ಲಿದ್ದರು.

ಕಲಕ್ಕ ನೆಟ್ಟಗೆ ರಸ್ತೆ ದಾಟಿದರು. ಮಹದೇವ್ ಹಿಂದೆ ಓಡಿದ.

"ಕಾಂತರಾಜು, ನಮ್ಮ ಕಾಲದಲ್ಲಿ ನಲ್ಲಿ ಮುಂದೆ ಯಾರು ನಿಲ್ತಿದ್ರು?"

ಕಾಂತರಾಜು ತೊಡೆ ಕಡಿಯುತ್ತಲೇ ಹೇಳಿದ: "ಬಿಂದಿಗೆ."

"ಸೀಮೆಎಣ್ಣೆಗೆ?"

"ಡಬ್ಬ. ಅಕ್ಕೋ, ಬೆಳಬೆಳಗ್ಗೆ ಏನು ಒಗಟು ಹಾಕ್ತಿದೀರಾ?"

"ಬಿಂದಿಗೆ ನಿಂತರೆ ಮನುಷ್ಯ ನಿಂತ ಹಾಗೆ ತಾನೆ? ಇಲ್ಲೂ ಚೀಲ ನಿಲ್ಲಲಿ. ಚೀಲದ ಯಜಮಾನ್ರು ನನ್ನ ಮೈದಾನಕ್ಕೆ ಬರಲಿ. ಸರದಿ ಬಂದಾಗ ನೀನು ಕೂಗು."

"ಚೀಲ ಅದಲುಬದಲಾದ್ರೆ? ಒಬ್ಬರ ಬೋಟಿ ಇನ್ನೊಬ್ಬರ ಮನೆಗೆ ಹೋದ್ರೆ ಸಂಸಾರಗಳೇ ಒಡೆದುಹೋಗ್ತವೆ ಕಲಕ್ಕ!"

ಕ್ಯೂ ಗೊಳ್ಳೆಂದಿತು. ನಕ್ಕವರನ್ನು ಕಲಕ್ಕ ಬಿಡಲಿಲ್ಲ. "ನಗ್ತಿದೀರಲ್ಲ ಮೋಹನ್ ಕುಮಾರ್ ಅವರೇ, ನಿಮ್ಮ ಕವನಾ ಅಲ್ಲಿ ಬೇಲಿ ಹಿಡ್ಕೊಂಡು ನಿಂತಿದಾಳೆ. ಚೀಲ ಕೆಳಗಿಡಿ. ಬನ್ನಿ."

ಮೋಹನ್ ಕುಮಾರ್ ವಿಜಯನಗರದ ಬ್ಯಾಂಕೊಂದರಲ್ಲಿ ಗುಮಾಸ್ತ. ದಿನವಿಡೀ ಕ್ಯೂನಲ್ಲಿರುವವರನ್ನು ಕಾಯಿಸಿ ಅಭ್ಯಾಸ. ತಾನೇ ಕಾಯುವುದು ಅವರಿಗೂ ಬೇಜಾರಾಗಿತ್ತೇನೋ. ಚೀಲ ಕೆಳಗಿಟ್ಟರು. ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಇಟ್ಟರು. ಮೂಡಲಪಾಳ್ಯದ ಎರಡನೇ ದಳ ಹುಟ್ಟಿದ್ದು ಹಾಗೆ. ರಸ್ತೆಯ ಈಚೆ ಬಣ್ಣಬಣ್ಣದ ಚೀಲಗಳು ಸಾಲಾಗಿ ನಿಂತಿರುತ್ತಿದ್ದವು, ಆಚೆ ಅವುಗಳ ಯಜಮಾನರು ಮಕ್ಕಳ ಜೊತೆ ಹಗ್ಗ ಹಿಡಿದು ನಿಂತಿರುತ್ತಿದ್ದರು. ನಡುನಡುವೆ "ಮೋಹನಣ್ಣಾ! ಮುಕ್ಕಾಲು ಕೆಜಿ! ಲಿವರ್ ಹಾಕ್ಲಾ?" ಎಂದು ಕಾಂತರಾಜುವಿನ ದನಿ ಮೈದಾನದ ಮೇಲೆ ತೇಲಿ ಬರುತ್ತಿತ್ತು.

ಕೂಗು ಬಂದವರು ಓಡಿಹೋಗುತ್ತಿದ್ದರು ನಿಜ. ಆದರೆ ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರ ಚೀಲ ಕ್ಯೂ ಸೇರಿರುತ್ತಿತ್ತು. ಒಂದಿಬ್ಬರನ್ನು ಕಲಕ್ಕ ಹಿಡಿದು ಕೆಂಗೇರಿ ಕಡೆಯ ತರಬೇತಿ ಶಿಬಿರಕ್ಕೂ ಕಳಿಸಿದರು. ಮಹದೇವನನ್ನು ಮೊದಲೇ ಕಳಿಸಿಯಾಗಿತ್ತು. ಈಗ ಅವನ ಗಂಟು ಮೂರು ಸಲಕ್ಕೆ ಎರಡು ಸಲ ನಿಲ್ಲುತ್ತಿತ್ತು.

ಎರಡೂ ದಳ ಸೇರಿ ಜ್ಞಾನಭಾರತಿ ಕಾಡಿನ ದಾರಿಯಲ್ಲಿ ನಕ್ಷೆ ಹಿಡಿದು ನಡೆಯುವುದಕ್ಕೆ ಒಂದು ಭಾನುವಾರ ನಿಗದಿಯಾಯಿತು. ಕವನಾ ಹಿಂದಿನ ಸಂಜೆಯೇ ಕಡಲೆಕಾಯಿ ಕಟ್ಟಿಟ್ಟಿದ್ದಳಂತೆ. ಬೆಳಗ್ಗೆ ಏಳಕ್ಕೆ ಮಕ್ಕಳೆಲ್ಲ ಸಾಲಾಗಿ ನಿಂತರು. ಕಲಕ್ಕ ಬಂದರು, ಮಹದೇವ್ ಬಂದ. ಬೇರೆ ಯಾರೂ ಬರಲಿಲ್ಲ.

ಮಹದೇವ್ ರಸ್ತೆಯಾಚೆ ನೋಡಿದ. ಒಂದೂ ಚೀಲವಿಲ್ಲ. ಕಾಂತರಾಜು ಶಟರ್ ಅರ್ಧ ಎತ್ತಿ, ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ.

"ಕಾಂತರಾಜಣ್ಣ, ಎಲ್ರೂ ಎಲ್ಲಿ?"

"ಎಲ್ಲಿ ಅಂದ್ರೆ? ಶ್ರಾವಣ ಬಂತಲ್ಲ ಮಗಾ! ಇನ್ನು ಒಂದು ತಿಂಗಳು ಈ ಕಡೆ ನೊಣಾನೂ ಬರಲ್ಲ."

ಮಹದೇವ್ ಕಲಕ್ಕನ ಮುಖ ನೋಡಿದ. ಕಲಕ್ಕ ಹಣೆ ಚಚ್ಚಿಕೊಂಡರು. ಸ್ವಂತ ಮನೆಯಲ್ಲಿ ಶುಕ್ರವಾರವಷ್ಟೇ ಲಕ್ಷ್ಮಿ ಪೂಜೆ ಮಾಡಿ, ಪಾತ್ರೆ ಪಡಗ ಬೆಳಗಿ, ಒಂದು ತಿಂಗಳು ಮಾಂಸ ಇಲ್ಲ ಎಂದು ಹೇಳಿದವರೂ ಅವರೇ. ದಳವನ್ನು ಮಟನ್ ಮೇಲೆ ಕಟ್ಟಿದ್ದೇನೆ, ಮಟನ್ನಿಗೆ ಶ್ರಾವಣ ಇದೆ ಎಂಬ ಎರಡು ಮಾತು ಮಾತ್ರ ಅವರ ತಲೆಯಲ್ಲಿ ಒಂದಕ್ಕೊಂದು ಸೇರಿರಲಿಲ್ಲ.

"ನಾವಿಬ್ಬರೇ ಕರ್ಕೊಂಡು ಹೋಗೋಣ ಅಕ್ಕ," ಎಂದ ಮಹದೇವ್. "ಒಂದು ಸಲ ತಾನೆ? ಯಾರಿಗೂ ಗೊತ್ತಾಗಲ್ಲ."

"ಮಗು ಬಿದ್ದರೆ ಗೊತ್ತಾಗುತ್ತೆ."

"ಮೊದಲ್ನೇ ದಳನಾದ್ರೂ?"

"ಇವರನ್ನ ನಿಲ್ಲಿಸಿ ಅವರನ್ನ ಕರ್ಕೊಂಡು ಹೋಗ್ಲಾ? ಮತ್ತೆ ಬೇಲಿ ಹಾಕ್ದಂಗಲ್ವೇನೋ ಅದು?"

ಸಾಲಿನಿಂದ ಕವನಾ ಕೈಯೆತ್ತಿದಳು. "ಅಕ್ಕ, ನಮ್ಮಪ್ಪ ಮನೇಲೇ ಇದಾರೆ. ಟಿವಿ ನೋಡ್ತಿದಾರೆ. ಕರ್ಕೊಂಡು ಬರ್ಲಾ?"

"ಬರೋರಾಗಿದ್ರೆ ಇಷ್ಟು ಹೊತ್ತಿಗೆ ಬಂದಿರೋರು ಪುಟ್ಟಿ." ಕಲಕ್ಕ ಶಿಳ್ಳೆಯನ್ನು ಕತ್ತಿನಿಂದ ತೆಗೆದು ಚೀಲಕ್ಕೆ ಹಾಕಿದರು. "ಎಲ್ಲಾ ಕೇಳಿ. ಇವತ್ತು ನಡಿಗೆ ಇಲ್ಲ. ಯಾಕೆ ಅಂತ ಮನೇಲಿ ಕೇಳ್ತಾರೆ. ಮಳೆ ಅಂತ ಹೇಳ್ಬೇಡಿ, ಕಲಕ್ಕನಿಗೆ ಜ್ವರ ಅಂತಾನೂ ಹೇಳ್ಬೇಡಿ. ಇದ್ದಿದ್ದು ಇದ್ದಂಗೆ ಹೇಳಿ. ದೊಡ್ಡವರು ಸಾಲಲಿಲ್ಲ."

ಮಕ್ಕಳು ಬ್ಯಾಗು ಹೊತ್ತು ಬಂದ ದಾರಿಯಲ್ಲೇ ಹೋದರು. ಯಾರೂ ಅಳಲಿಲ್ಲ, ಗಲಾಟೆ ಮಾಡಲಿಲ್ಲ. ಅದೇ ನೋಡುವುದಕ್ಕೆ ಕಷ್ಟವಾಯಿತು. ಮಹದೇವ್ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ, ಬಿಚ್ಚಿ ಮತ್ತೆ ಕಟ್ಟಿದ. ಕಲಕ್ಕ ಖಾಲಿ ಮೈದಾನದಲ್ಲಿ ಸ್ವಲ್ಪ ಹೊತ್ತು ನಿಂತು, "ಸಂಜೆ ನಮ್ಮನೆಗೆ ಬಾ. ಎಲ್ಲರೂ ಜಗಳಕ್ಕೆ ಬರ್ತಾರೆ," ಎಂದರು.

ಬಂದೇಬಂದರು. ಕಲಕ್ಕನ ಬಾಡಿಗೆ ಮನೆ ಮೊದಲ ಮಹಡಿಯಲ್ಲಿ. ಮೆಟ್ಟಿಲ ತುಂಬ ಅಪ್ಪ ಅಮ್ಮಂದಿರು. ಒಳಗೆ ಜಾಗವಿಲ್ಲದೆ ಕಲಕ್ಕ ಹೊಸ್ತಿಲ ಮೇಲೇ ನಿಂತರು. ಅವರ ಹಿಂದೆ, ಕೋಣೆಯಲ್ಲಿ, ಮಗಳು ಧನ್ಯಶ್ರೀ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ಕಾಂತರಾಜುವೂ ಬಂದಿದ್ದ. ಮಾಡಲು ಬೇರೆ ಕೆಲಸವಿರಲಿಲ್ಲ.

ಮೊದಲು ಬಾಯಿ ಬಿಟ್ಟವರು ಮೋಹನ್ ಕುಮಾರ್. "ಏನ್ ಮೇಡಮ್ ಇದು? ಮಗು ಬೆಳಗ್ಗಿನಿಂದ ನನ್ನ ಜೊತೆ ಮಾತಾಡಿಲ್ಲ. ಕೇಳಿದ್ರೆ, ದೊಡ್ಡವರು ಸಾಲಲಿಲ್ಲ ಅನ್ನುತ್ತೆ. ನಾವೇನು ಸತ್ತುಹೋಗಿದೀವಾ?"

"ಅದನ್ನೇ ನಾನೂ ಕೇಳೋಣ ಅಂತಿದ್ದೆ ಸಾರ್."

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಮೋಹನ್ ಕುಮಾರ್ ಕೆಂಪಾದರು. "ಹಬ್ಬದ ತಿಂಗಳು. ಮನೇಲಿ ನೂರೆಂಟು ಇರುತ್ತೆ."

"ನೂರೆಂಟೂ ನಾನೇ ತಾನೆ ಮಾಡೋದು?" ಎಂದು ಕೆಳಗಿನ ಮೆಟ್ಟಿಲಿನಿಂದ ಒಂದು ದನಿ ಬಂತು. ಮೋಹನ್ ಕುಮಾರ್ ಹೆಂಡತಿ ಕುಸುಮಾ. ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದರು. "ಕಲಕ್ಕ, ಒಂದು ಮಾತು. ಭಾನುವಾರ ಮಟನ್ ಬಂದ್ರೆ ಮಸಾಲೆ ರುಬ್ಬೋದು, ಮುದ್ದೆ ತಿರುವೋದು, ನಮಗೆ ಮಧ್ಯಾಹ್ನ ಮೂರು ಗಂಟೆ ಆಗುತ್ತೆ. ಶ್ರಾವಣದಲ್ಲಿ ಅದಿಲ್ಲ. ವರ್ಷದಲ್ಲಿ ನಮಗೆ ಬಿಡುವಿರೋ ಭಾನುವಾರ ಅಂದ್ರೆ ಇವೇ. ನೀವು ಗಂಡಸರ ಕ್ಯೂ ಹತ್ರ ಹೋದ್ರಿ. ನಮ್ಮನ್ನ ಯಾರು ಕೇಳಿದ್ರು?"

ಕಲಕ್ಕನೂ ಹೆಂಗಸೇ, ಅವರೂ ಮಸಾಲೆ ರುಬ್ಬುವವರೇ. "ಕೇಳಲಿಲ್ಲ ಕುಸುಮಾ. ತಪ್ಪಾಯ್ತು. ಈಗ ಕೇಳ್ತಾ ಇದೀನಿ. ಬರ್ತೀಯಾ?"

"ಬರ್ತೀನಿ. ಮಟನ್ ತಿಂಗಳಲ್ಲೂ ಬರ್ತೀನಿ. ಒಂದಿನ ಮಸಾಲೆ ಇವರೇ ರುಬ್ಬಲಿ."

"ಏಯ್, ಕುಸುಮಾ..."

"ರೀ, ನೀವು ಸುಮ್ನಿರಿ."

ಮಹದೇವ್ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಮೂಲೆಯಿಂದ ಕಾಂತರಾಜು ಗಂಟಲು ಸರಿಮಾಡಿಕೊಂಡ. "ಕಲಕ್ಕ, ನಾನೂ ಬರ್ತೀನಿ. ಅಂಗಡಿ ಮುಂದೆ ನೊಣ ಹೊಡೆಯೋ ಬದಲು ಮಕ್ಕಳನ್ನಾದ್ರೂ ರಸ್ತೆ ದಾಟಿಸ್ತೀನಿ. ದನಿ ದೊಡ್ಡದಿದೆ, ಶಿಳ್ಳೆನೂ ಬೇಕಾಗಲ್ಲ."

"ಕತ್ತಿ ಅಂಗಡೀಲೇ ಬಿಟ್ಟು ಬರ್ಬೇಕು," ಎಂದರು ಕಲಕ್ಕ. ಮೆಟ್ಟಿಲೆಲ್ಲ ನಕ್ಕಿತು.

ಲೆಕ್ಕ ಸುಲಭವಾಗಿತ್ತು. ಕಲಕ್ಕನ ಜೊತೆ ಕುಸುಮಾ ಒಂದು ದಳಕ್ಕೆ, ಮಹದೇವನ ಜೊತೆ ಕಾಂತರಾಜು ಇನ್ನೊಂದಕ್ಕೆ. ಮುಂದಿನ ಭಾನುವಾರ ಜ್ಞಾನಭಾರತಿಯ ಮರಗಳ ಕೆಳಗೆ ಎರಡೂ ದಳ ನಡೆದವು. ನಕ್ಷೆ ಹಿಡಿದವಳು ಕವನಾ, ದಾರಿ ತಪ್ಪಿದವನು ಮಹದೇವ್. ಆದರೆ ಜಗಳದ ಆ ಸಂಜೆ ಮೆಟ್ಟಿಲ ಮೇಲೆ ಕಲಕ್ಕನ ಲೆಕ್ಕ ಇನ್ನೂ ಮುಗಿದಿರಲಿಲ್ಲ.

"ಶ್ರಾವಣ ಮುಗಿದ ಮೇಲೆ ಕಾಂತರಾಜು ಮತ್ತೆ ಅಂಗಡಿಗೆ ಹೋಗ್ಬೇಕು. ಅವನ ಜಾಗಕ್ಕೆ ಒಬ್ಬರು ಬೇಕು. ಕ್ಯೂ ಇದ್ರೆ ಬರೋದು, ಇಲ್ದಿದ್ರೆ ಇಲ್ಲ, ಹಂಗಲ್ಲ. ಎಲ್ಲಾ ಭಾನುವಾರ. ಶಿಬಿರಕ್ಕೂ ಹೋಗಿಬರ್ಬೇಕು. ಅಂಥ ಒಬ್ಬರು ಸಿಕ್ಕಿದ್ರೆ ಎರಡನೇ ದಳ ಉಳಿಯುತ್ತೆ. ಇಲ್ಲದಿದ್ರೆ ಶ್ರಾವಣದ ಜೊತೆ ಅದೂ ಮುಗೀತು, ಆ ಮಕ್ಕಳು ವಾಪಸ್ ಬೇಲಿ ಆಚೆ." ಇಷ್ಟು ಹೇಳಿ ಕಲಕ್ಕ ಮೋಹನ್ ಕುಮಾರ್ ಮುಖವನ್ನೇ ನೋಡುತ್ತಾ ನಿಂತರು.

ಮೆಟ್ಟಿಲ ಮೇಲಿದ್ದವರೆಲ್ಲ ಅದೇ ಮುಖ ನೋಡಿದರು. ಮೋಹನ್ ಕುಮಾರ್ ಕಾಲರ್ ಸರಿಮಾಡಿಕೊಂಡರು, ಹೆಂಡತಿಯ ಕಡೆ ನೋಡಿದರು, ಅಲ್ಲಿ ರಕ್ಷಣೆ ಸಿಗಲಿಲ್ಲ. ತೆರೆದ ಬಾಗಿಲಿನೊಳಗೆ ಧನ್ಯಶ್ರೀ ಕಂಡಳು.

"ಅಲ್ಲ ಮೇಡಮ್, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ," ಎಂದರು. "ಊರಿನ ಮಕ್ಕಳನ್ನೆಲ್ಲ ಸೇರಿಸ್ತಿದೀರ. ನಿಮ್ಮ ಮಗಳೇ ಒಂದಿನ ದಳದಲ್ಲಿ ಕಾಣಿಸಿಲ್ಲ. ಭಾನುವಾರ ಮಲಗೇ ಇರ್ತಾಳಂತೆ. ನಿಮ್ಮ ಮನೆ ಮಗುಗೇ ಬೇಡವಾದದ್ದಕ್ಕೆ ನಮ್ಮ ಭಾನುವಾರ ಯಾಕೆ ಕೊಡಬೇಕು?"

ಕುಸುಮಾ ನೆಲ ನೋಡಿದರು. ಒಳಗೆ ಧನ್ಯಶ್ರೀ ಒಂದು ಕಿವಿಯ ಇಯರ್‌ಫೋನ್ ತೆಗೆದಳು. ಮಹದೇವನಿಗೆ ಏನಾದರೂ ತಮಾಷೆ ಮಾಡಿ ಮಾತು ತಿರುಗಿಸೋಣ ಅನಿಸಿತು. ಒಂದೂ ಹೊಳೆಯಲಿಲ್ಲ.

ಕಲಕ್ಕ ಹಿಂದೆ ತಿರುಗಿ ಮಗಳ ಕಡೆ ನೋಡಲೂ ಇಲ್ಲ.

"ಅವಳು ಬರಲ್ಲ ಅಂದಳು, ಬಿಟ್ಟೆ. ನಿಮ್ಮ ಮಗಳು ಬರ್ತೀನಿ ಅಂದಳು, ಸೇರಿಸ್ಕೊಂಡೆ. ನನಗೆ ಬೇಕಾಗಿರೋದು ಬರೋ ಮಕ್ಕಳಿಗೆ ದೊಡ್ಡವರು. ನೀವು ಬರ್ತೀರಾ, ಇಲ್ವಾ? ಅಷ್ಟು ಹೇಳಿ ಸಾರ್."